ಗೆರಟೆ ಮನೆಗಳು ತೇಲಿದ ಮಧ್ಯಾಹ್ನ

ಅಮಾವಾಸ್ಯೆ ಹತ್ತಿರ ಬಂದರೆ ಗಜನಿಕೇರಿಯ ಹೆಂಗಸರು ಚಾಪೆ ಸುತ್ತಿ ಮೇಲೆ ಕಟ್ಟುತ್ತಾರೆ. ಅಕ್ಕಿ ಡಬ್ಬ ಬೆಂಚಿನ ಮೇಲೆ ಹೋಗುತ್ತದೆ. ಕೋಳಿಗಳು ತಾವಾಗಿಯೇ ಕಟ್ಟಿಗೆ ರಾಶಿ ಹತ್ತುತ್ತವೆ. ಆಮೇಲೆ ನಡುಮಧ್ಯಾಹ್ನ, ಸಮುದ್ರ ಉಬ್ಬಿದಾಗ, ಯಾರೂ ಕರೆಯದಿದ್ದರೂ, ಹೊಳೆ ಅಂಗಳಕ್ಕೆ ಬರುತ್ತದೆ. ಸದ್ದಿಲ್ಲ, ಅವಸರವಿಲ್ಲ. ಊಟಕ್ಕೆ ಬಂದ ನೆಂಟರ ಹಾಗೆ ಹೊಸ್ತಿಲ ತನಕ ಬಂದು ನಿಲ್ಲುತ್ತದೆ. ಕೆಲವು ಸಲ ನಿಲ್ಲುವುದೂ ಇಲ್ಲ.

ಕುಮಟಾ ತಾಲೂಕಿನಲ್ಲಿ, ಅಘನಾಶಿನಿ ಹೊಳೆ ಸಮುದ್ರ ಸೇರುವ ಮೊದಲು ಮೈಚಾಚಿ ಮಲಗುವ ಕಡೆ ಈ ಕೇರಿ. ಕಟ್ಟಕಡೆಯ ಮನೆ ಹೊನ್ನಮ್ಮನದು. ಗಂಡ ಭಾಸ್ಕರ ಹೊನ್ನಾವರದ ದೋಣಿಯಲ್ಲಿ ಕೆಲಸಕ್ಕಿದ್ದಾನೆ. ಅವಳು ಇಳಿತದ ಹೊತ್ತಿಗೆ ಹೊಳೆಗೆ ಇಳಿದು ಬಳಚು ಎಂಬ ಚಿಪ್ಪುಮೀನು ಆಯುತ್ತಾಳೆ, ಉಳಿದಂತೆ ಬಸಳೆ, ಬದನೆ ಬೆಳೆಯುತ್ತಾಳೆ. ಮನೆಯ ಮಣ್ಣಿನ ಗೋಡೆಯ ಬುಡವನ್ನು ಉಪ್ಪುನೀರು ನೆಕ್ಕಿ ನೆಕ್ಕಿ ತೆಳ್ಳಗೆ ಮಾಡಿದೆ. ಮುಂದಿನ ಮಳೆಗಾಲಕ್ಕೆ ಆ ಗೋಡೆ ನಿಲ್ಲುವುದು ಅನುಮಾನ.

ಆ ದಿನಗಳಲ್ಲಿ ಅವಳಿಗೆ ಹಗಲು ನಿದ್ದೆಯಲ್ಲಿ ಒಂದೇ ಕನಸು. ಮನೆ ನೆಲದಿಂದ ಮೆಲ್ಲಗೆ ಕಳಚಿಕೊಳ್ಳುತ್ತದೆ. ಒಲೆಯ ಹೊಗೆಯನ್ನು ಹಾಯಿಯಂತೆ ಬಿಚ್ಚಿಕೊಂಡು ಹೊಳೆಯ ನಡುವೆ ಹೋಗುತ್ತದೆ. ದಡದ ಮೇಲೆ ಗುರುತಿನವರೆಲ್ಲ ನಿಂತಿದ್ದಾರೆ, ಆದರೆ ಯಾರೂ ಕೂಗುವುದಿಲ್ಲ. ಯಾವ ಹೆಸರು ಹಿಡಿದು ಕೂಗುವುದೆಂದು ಅವರಿಗೆ ಗೊತ್ತಿಲ್ಲ.

ಅಂಥದ್ದರಲ್ಲಿ ಹೊಳೆದಂಡೆಗೆ ತಡೆಗೋಡೆ ಮಂಜೂರಾಯಿತು. ಅಳತೆಯವರು ಬಂದು ಕಲ್ಲುಗಳಿಗೆ ಸುಣ್ಣದ ಗುರುತು ಹಾಕುತ್ತ ನಡೆದರು. ಗುರುತು ಹೊನ್ನಮ್ಮನ ಮಾವ ಮಾಬ್ಲಜ್ಜನ ಮನೆಯ ತೆಂಗಿನಮರದ ಹತ್ತಿರ ನಿಂತುಹೋಯಿತು. ಅದರಾಚೆ ಅವನ ಮಕ್ಕಳ ನಾಲ್ಕು ಮನೆಗಳಿದ್ದವು.

"ನಮ್ಮ ಹಣೆಬರ ಇಷ್ಟೇ. ಗೋಡೆಗೂ ನಮ್ಮ ಕಂಡ್ರೆ ಆಗೂದಿಲ್ಲ" ಎಂದಳು ಹೊನ್ನಮ್ಮ.

"ನಿನ್ನ ಹಣೆ ಓದ್ಕಂಡು ಸುಣ್ಣ ಹಾಕ್ತ್ರೆ ಅವ್ರು? ಅವ್ರ ಹತ್ರ ಇದ್ದ ಮನೆ ವಿವರ ನೋಡ್ಕಂಡು ಹಾಕೂದು. ಅದ್ರಲ್ಲಿ ಎಂತ ಉಂಟು ಅಂತ ಕೇಳ್ವ" ಎಂದಳು ಉಮಾ.

ಉಮಾ ಹೊಳನಗದ್ದೆಯಿಂದ ಈ ಊರಿಗೆ ಮದುವೆಯಾಗಿ ಬಂದವಳು. ಪಂಚಾಯಿತಿಯ ಗ್ರಂಥಾಲಯ ನೋಡಿಕೊಳ್ಳುತ್ತಾಳೆ, ಮಹಿಳಾ ಸಂಘದ ಕಾರ್ಯದರ್ಶಿಯೂ ಹೌದು.

"ಕೇಳಿದ್ರೆ ಕೊಡ್ತ್ರೆ? ಅದು ಸರ್ಕಾರದ್ದಲ್ವೆ?"

"ಮನೆ ನಿಂದು, ಅಂಗಳ ನಿಂದು, ನೀರು ನಿನ್ನ ಒಲೆಗೆ ಬರೂದು. ವಿವರ ಮಾತ್ರ ಸರ್ಕಾರದ್ದೇ?"

ಉಮಾ ಸಂಘದ ಪರವಾಗಿ ಪಂಚಾಯಿತಿಯಲ್ಲಿ ಕೇಳಿದಳು. ಅವರು ಕೊಟ್ಟರು. ಮುಂದಿನ ಅಮಾವಾಸ್ಯೆಯ ದಿನ ಊಟಕ್ಕೆ ಮೊದಲು ಅವಳು ಮಾಬ್ಲಜ್ಜನ ಅಂಗಳಕ್ಕೆ ಬಂದು, "ಒಂದಿಷ್ಟು ಗೆರಟೆ ತನ್ನಿ, ಸಣ್ಣ ಕಲ್ಲೂ ಬೇಕು" ಎಂದಳು.

"ಉಮಕ್ಕ, ಅಡುಗೆ ಆಟ ಆಡ್ವ ಅಂತ್ಯಾ?" ಹೊನ್ನಮ್ಮನ ಓರಗಿತ್ತಿ ರೇಖಾ ನಕ್ಕಳು. ಆದರೂ ಒಡೆದ ತೆಂಗಿನಕಾಯಿಯ ಗೆರಟೆಗಳನ್ನು ಬುಟ್ಟಿಯಲ್ಲಿ ತಂದು ಸುರಿದಳು.

ಉಮಾ ಕೋಲಿನಿಂದ ನೆಲದ ಮೇಲೆ ಹೊಳೆ ಬರೆದಳು, ದಾರಿ ಬರೆದಳು. "ನಿಮ್ಮ ಮನೆ ಎಲ್ಲುಂಟೋ ಅಲ್ಲಿ ಗೆರಟೆ ಇಡಿ, ಬಾಯಿ ಮೇಲೆ ಮಾಡಿ." ಹೆಂಗಸರು ನಗುನಗುತ್ತ ಇಟ್ಟರು. ಹೊನ್ನಮ್ಮ ತನ್ನದನ್ನು ಎಲ್ಲದಕ್ಕಿಂತ ಆಚೆ, ಅಂಗಳದ ಅಂಚಿನ ಬಸಳೆ ಚಪ್ಪರದ ಕೆಳಗೆ ಇಟ್ಟಳು. ಗಜನಿಕೇರಿ ಅಂಗಳದಲ್ಲಿ ಪುಟ್ಟದಾಗಿ ಎದ್ದು ನಿಂತಿತು.

"ಈಗ ಪಂಚಾಯ್ತಿಯ ವಿವರ ಓದ್ತೆ. ಅದ್ರಲ್ಲಿ ಇದ್ದ ಮನೆಗೆ ಒಂದೊಂದು ಕಲ್ಲು ಹಾಕ್ವ."

ಮೇಲಿನ ದಾರಿಯ ಮನೆಗಳಿಗೆಲ್ಲ ಕಲ್ಲು ಬಿತ್ತು. ಮಾಬ್ಲಜ್ಜನ ಗೆರಟೆಗೂ ಟಣ್ಣೆಂದು ಬಿತ್ತು. ಉಮಾ ಓದುವುದನ್ನು ನಿಲ್ಲಿಸಿದಳು.

"ಮತ್ತೆ ನಮ್ದು?" ಎಂದಳು ರೇಖಾ.

"ಅಷ್ಟೇ ಇದ್ದದ್ದು. ಪಂಚಾಯ್ತಿಯವ್ರು ಮನೆ ಲೆಕ್ಕ ಕೇಳೂಕೆ ಬಂದಾಗ ನೀವು ಎಂತ ಹೇಳಿದ್ರಿ?"

"ಎಂತ ಹೇಳೂದು? ಮಾಬ್ಲಜ್ಜನ ಮನೆ ಅಂದೆ."

"ನಾನೂ ಹಾಂಗೇ ಅಂದೆ. ಮಾವ ಗಟ್ಟಿಮುಟ್ಟಾಗಿ ಕೂತಿರ್ವಾಗ ನನ್ನ ಮನೆ ಅಂತ ಬಾಯಿ ಬರ್ತದ್ಯೆ?" ಎಂದಳು ಹೊನ್ನಮ್ಮ.

ಆ ಕೇರಿಯ ರೂಢಿಯೇ ಅದು. ಮನೆ ಐದಾದರೂ ತುಳಸಿಕಟ್ಟೆ ಒಂದು. ಹಿರಿಯ ಬದುಕಿರುವವರೆಗೆ ಯಾವ ಬಾಗಿಲಲ್ಲಿ ನಿಂತು ಕೇಳಿದರೂ ಬರುವುದು ಅವನ ಹೆಸರೇ. ಕೇಳಲು ಬಂದವರು ಒಂದೇ ಹೆಸರು ಕೇಳಿ ಒಂದೇ ಮನೆ ಬರೆದುಕೊಂಡು ಹೋಗಿದ್ದರು.

"ಹಂಗಾದ್ರೆ ಈಗ ನಾವೇ ಮನೆ ಮನೆ ಹೋಗಿ ಸರಿಯಾಗಿ ಬರ್ಕಂಬ" ಎಂದಳು ಉಮಾ. "ಯಾವ ಮನೆ, ಎಷ್ಟು ಜನ, ಗೋಡೆ ಎಂತದ್ದು, ನೀರು ಎಲ್ಲಿವರೆಗೆ ಬರ್ತದೆ, ಎಲ್ಲಾ. ಸಂಘದ ಗೋಡೆಗೆ ಹಚ್ವ. ಗ್ರಾಮಸಭೆಗೂ ತಗಂಡು ಹೋಗ್ವ."

"ಗೋಡೆಗೆ ಹಚ್ಚಿದ್ರೆ ಊರೆಲ್ಲ ನೋಡೂದಿಲ್ವೆ?" ರೇಖಾಳಿಗೆ ಹೆದರಿಕೆ.

"ನೋಡೂಕೇ ಹಚ್ಚೂದು ಮಾರಾಯ್ತಿ. ಆದ್ರೆ ಆಧಾರ್ ನಂಬ್ರ, ಫೋನ್ ನಂಬ್ರ, ಬ್ಯಾಂಕಿಂದು ಯಾವ್ದೂ ಹಚ್ಚೂದಿಲ್ಲ. ಮನೆ ಕತೆ ಅಷ್ಟೇ. ನಿನ್ನ ಗಂಡ ಗೊರಕೆ ಹೊಡೆಯೂದೂ ಬರೆಯೂದಿಲ್ಲ."

ಎಲ್ಲರೂ ನಕ್ಕರು. ಹೊನ್ನಮ್ಮ ನಗಲಿಲ್ಲ. "ಬೇಡ. ಬೇರೆ ಬೇರೆ ಬರ್ಸೂದು ಅಂದ್ರೆ ಮನೆ ಒಡ್ದ ಹಾಂಗೆ. ಆ ಹೆಸ್ರು ನಂಗೆ ಬೇಡ" ಎಂದು ಒಳಗೆ ಹೋಗಿ ಕೂತಳು.

ಹೊರಗೆ ಬಿಸಿಲು ನೆತ್ತಿಗೆ ಏರಿತು. ತುಳಸಿಕಟ್ಟೆಯ ಅಂಚಿನಲ್ಲಿ ಮಾಬ್ಲಜ್ಜ ಕಣ್ಣು ಮುಚ್ಚಿ ಕೂತಿದ್ದ, ಮಲಗಿದ್ದನೋ ಎಚ್ಚರವಿದ್ದನೋ ಯಾರಿಗೂ ಗೊತ್ತಾಗಲಿಲ್ಲ. ಆಗ, ಅಮಾವಾಸ್ಯೆಯ ವಾಡಿಕೆಯಂತೆ, ಹೊಳೆ ಬಂತು.

ಮೊದಲು ಉಮಾ ಬರೆದ ಹೊಳೆಯ ಗೆರೆಯಲ್ಲೇ ನಿಜವಾದ ನೀರು ಹರಿಯಿತು. ಆಮೇಲೆ ದಾರಿ ಮುಳುಗಿತು. ಕಲ್ಲಿದ್ದ ಗೆರಟೆಗಳು ಇದ್ದಲ್ಲೇ ನಿಂತವು. ಖಾಲಿ ಗೆರಟೆಗಳು ಮೆಲ್ಲಗೆ ಅಲುಗಿದವು, ನಿದ್ದೆಯಿಂದ ಏಳುವವರಂತೆ. ಒಂದು ಎದ್ದಿತು. ಇನ್ನೊಂದು ಎದ್ದಿತು. ಬಿಸಿಲಿನಲ್ಲಿ ಮಿನುಗುತ್ತ, ಒಂದನ್ನೊಂದು ಮುಟ್ಟುತ್ತ, ನಾಲ್ಕೂ ಬೇಲಿಯ ಕಂಡಿಯ ಕಡೆ ಹೊರಟವು.

"ಹೊನ್ನೀ!" ಮಾಬ್ಲಜ್ಜ ಕೂಗಿದ. "ಹೊನ್ನೀ, ನಿನ್ನ ಮನೆ ಹೋಗ್ತದೆ ನೋಡೇ!"

ಹೊನ್ನಮ್ಮ ಬಾಗಿಲಿಗೆ ಬಂದಳು. ಕನಸು ಅಂಗಳದಲ್ಲಿ ನಡೆಯುತ್ತಿತ್ತು. ಕನಸಿನಲ್ಲಿ ಕಾಲು ಏಳುತ್ತಿರಲಿಲ್ಲ, ಈಗ ಎದ್ದಿತು. ಸೀರೆ ಎತ್ತಿ ಕಟ್ಟಿ, ಮೊಣಕಾಲ ನೀರಿನಲ್ಲಿ ಓಡಿ, ಬೇಲಿ ದಾಟುವಷ್ಟರಲ್ಲಿ ತನ್ನ ಗೆರಟೆಯನ್ನು ಹಿಡಿದಳು. ಹಿಡಿದು ಎದೆಗೆ ಒತ್ತಿಕೊಂಡಳು.

"ನನ್ನ ಹೆಸ್ರು ಐದು ಮನೆ ಭಾರ ಹೊರ್ತದೆ ಅಂದ್ಕಂಡ್ರೆ?" ಎಂದ ಅಜ್ಜ. "ನಂಗೇ ನಡೆಯೂಕೆ ಕೋಲು ಬೇಕು. ತುಳಸಿಕಟ್ಟೆ ಒಂದೇ ಇರ್ಲಿ. ದೀಪ ಒಟ್ಟಿಗೇ ಹಚ್ವ. ಮನೆ ಮಾತ್ರ ಐದು ಅಂತ ಬರ್ಸಿ."

ಹೊನ್ನಮ್ಮ ಸುತ್ತ ನೋಡಿದಳು. ಕಲ್ಲು ಕಾಣಲಿಲ್ಲ. ಬೆಳಿಗ್ಗೆ ಆಯ್ದು ತಂದು ಜಗಲಿಯಲ್ಲಿಟ್ಟಿದ್ದ ಬುಟ್ಟಿಯಿಂದ ಒಂದು ಹಿಡಿ ಬಳಚು ತೆಗೆದು ಗೆರಟೆಗೆ ತುಂಬಿದಳು, ಬಸಳೆ ಚಪ್ಪರದ ಕೆಳಗೆ ನೀರಿನೊಳಗೆ ಒತ್ತಿ ಇಟ್ಟಳು. ಅದು ನಿಂತಿತು.

"ಆತು. ಬರ್ಕ ಉಮಕ್ಕ" ಎಂದಳು. "ಹೊನ್ನಮ್ಮನ ಮನೆ. ಮಣ್ಣಿನ ಗೋಡೆ. ನೀರು ಒಲೆವರೆಗೆ."

ಸಂಘದ ಹೆಂಗಸರು ಮನೆ ಮನೆಗೆ ಹೋದರು. ಬರೆದದ್ದನ್ನು ಆಯಾ ಮನೆಯವರಿಗೇ ಓದಿ ಹೇಳಿ ಸರಿ ಮಾಡಿಕೊಂಡರು. ಕೇರಿಯ ನಕಾಶೆ ಸಂಘದ ಗೋಡೆ ಏರಿತು. ಗ್ರಾಮಸಭೆಯಲ್ಲಿ ಹೊನ್ನಮ್ಮ ಎದ್ದು ನಿಂತು ಮಾತಾಡಿದಳು, ಕೈಯಲ್ಲಿ ಆ ಗೆರಟೆಯೂ ಇತ್ತು. ಪಂಚಾಯಿತಿ ನಾಲ್ಕು ಮನೆಗಳನ್ನು ಸೇರಿಸಿಕೊಂಡಿತು. ಅಳತೆಯವರು ಮತ್ತೆ ಬಂದರು. ಸುಣ್ಣದ ಗುರುತು ತೆಂಗಿನಮರ ದಾಟಿತು, ಕಟ್ಟಕಡೆಯ ಹೊನ್ನಮ್ಮನ ಮನೆಯನ್ನೂ ದಾಟಿತು.

ಗೋಡೆ ಇನ್ನೂ ಎದ್ದಿಲ್ಲ. ನೀರು ಇನ್ನೂ ಬರುತ್ತದೆ. ಆದರೆ ಹೊನ್ನಮ್ಮನ ಕನಸಿನಲ್ಲಿ ಈಗ ದಡದವರು ಕೂಗುತ್ತಾರೆ. "ಹೊನ್ನಮ್ಮನ ಮನೇ!" ಎನ್ನುತ್ತಾರೆ. ಹೊಳೆಯ ನಡುವೆ ಮನೆ ಕೇಳಿಸಿಕೊಳ್ಳುತ್ತದೆ, ಮೆಲ್ಲಗೆ ತಿರುಗುತ್ತದೆ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಕೇರಿ ಕುಮಟಾದಲ್ಲಿರಲಿ, ಹೊನ್ನಾವರದಲ್ಲಿರಲಿ, ಭಟ್ಕಳದಲ್ಲಿರಲಿ, ಅಲ್ಲಿನ ಮನೆಗಳ ವಿವರ ನಿಮ್ಮ ಸಂಘಕ್ಕೂ ಬೇಕು. ಪಂಚಾಯಿತಿಯಲ್ಲಿ, ಪಟ್ಟಣದವರಾದರೆ ಪುರಸಭೆಯಲ್ಲಿ ಕೇಳಿ. ಕೊಡಲು ತಡ ಮಾಡಿದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಸಿಕ್ಕಿದ್ದನ್ನು ಎಲ್ಲರೂ ಕೂತು ಗಟ್ಟಿಯಾಗಿ ಓದಿ. ಬಿಟ್ಟುಹೋದ ಮನೆ ಸೇರಿಸಲು ಗ್ರಾಮಸಭೆಯಲ್ಲೋ ವಾರ್ಡಿನ ಸಭೆಯಲ್ಲೋ ಹೇಳಿ. ಯಾರ ಗುಟ್ಟನ್ನೂ ಗೋಡೆಗೆ ಹಚ್ಚಬೇಡಿ, ಯಾರ ಮನೆಯನ್ನೂ ಬಿಡಬೇಡಿ.

ಇವತ್ತೇ ಅಂಗಳಕ್ಕೆ ಇಳಿದು ನೋಡಿ, ನಿಮ್ಮ ಗೆರಟೆಯಲ್ಲಿ ಕಲ್ಲಿದೆಯೇ? ಇಲ್ಲದಿದ್ದರೆ ನೀರು ಬರುವ ಮೊದಲು ಹಾಕಿ.