ಕಣ್ಣಳತೆಯ ಗೆರೆ

ದೂರದ ಆಸ್ಪತ್ರೆಗೆ ಓಡಾಡುವ ಸಂಕಟ ಗೊತ್ತಿಲ್ಲದ ಮನೆ ಯಾವುದಿದೆ? ರೋಗಿ ಅರ್ಧ ಸೋಲುವುದು ರೋಗಕ್ಕೆ, ಇನ್ನರ್ಧ ಬಸ್ಸಿನ ಸೀಟಿನಲ್ಲಿ. ಒಬ್ಬ ದರ್ಜಿಯ ಮನೆಯಲ್ಲೂ ಹಾಗೇ ಆಗುವುದರಲ್ಲಿತ್ತು.

ಅವನನ್ನು ಬೀದಿಯವರೆಲ್ಲ ‘ಕಣ್ಣಳತೆ’ ಎಂದೇ ಕರೆಯುತ್ತಿದ್ದರು. ಟೇಪು ಕೊರಳಲ್ಲಿ ಶೋಭೆಗೆ ತೂಗುತ್ತಿತ್ತು, ಅಷ್ಟೇ. ಗಿರಾಕಿ ಬಾಗಿಲಲ್ಲಿ ನಿಂತರೆ ಸಾಕು, ಭುಜ ಇಷ್ಟು, ತೋಳು ಇಷ್ಟು ಎಂದು ಬಟ್ಟೆಯ ಮೇಲೆ ಗೆರೆ ಎಳೆದುಬಿಡುತ್ತಿದ್ದ. ಅಂಗಡಿಯ ಹಿಂದಿನ ಒಂದೇ ಕೋಣೆಯಲ್ಲಿ ಸಂಸಾರ. ಹೆಂಡತಿ ಅಂಗಿಗಳಿಗೆ ಗುಂಡಿಯ ಕಾಜಾ ಹೊಲಿಯುತ್ತ, "ಊರವರ ಸೊಂಟದ ಅಳತೆಯೆಲ್ಲ ನಿಮ್ಮ ಕಣ್ಣಿಗೆ ಗೊತ್ತು. ಮನೆಯ ಉಪ್ಪಿನ ಡಬ್ಬಿ ಮಾತ್ರ ಕಾಣಲ್ಲ" ಎಂದು ಕಿಚಾಯಿಸುತ್ತಿದ್ದಳು.

ಆ ಹೆಂಡತಿಯ ಎದೆಯಲ್ಲಿ ಗಂಟು ಕಾಣಿಸಿಕೊಂಡಿತು. ಕ್ಯಾನ್ಸರ್ ಎಂದರು. ಆಪರೇಷನ್ ಆಯಿತು. ಆಮೇಲೆ ವಿಕಿರಣ ಚಿಕಿತ್ಸೆ, ಅಂದರೆ ಜನ ‘ಕರೆಂಟ್ ಕೊಡೋದು’ ಎನ್ನುತ್ತಾರಲ್ಲ ಅದು, ಇಪ್ಪತ್ತೈದು ಸಲ ಆಗಬೇಕೆಂದರು. ವಾರಕ್ಕೆ ಐದು ದಿನ, ಒಟ್ಟು ಐದು ವಾರ. ಮಷೀನು ಎಲ್ಲಿಗೆ ಗುರಿ ಇಡಬೇಕೆಂದು ತಿಳಿಯಲು ಅವಳ ಎದೆಯ ಮೇಲೆ ನೀಲಿ ಗೆರೆಗಳನ್ನು ಎಳೆದು, "ಇದನ್ನ ಉಜ್ಜಬೇಡಿ, ಅಳಿಸಬೇಡಿ" ಎಂದು ಹೇಳಿ ಕಳಿಸಿದರು.

ಬೆಳಗಿನ ಮೊದಲ ಬಸ್ಸು ಹಿಡಿದರೆ ಆಸ್ಪತ್ರೆಗೆ ನಾಲ್ಕು ಗಂಟೆ. ಮಷೀನಿನ ಕೆಳಗೆ ಹತ್ತು ನಿಮಿಷ. ಮತ್ತೆ ನಾಲ್ಕು ಗಂಟೆ ವಾಪಸ್ಸು. ಮೊದಲ ವಾರ ಹೇಗೋ ದಾಟಿತು. ಎರಡನೇ ವಾರದಲ್ಲಿ ಅವಳಿಗೆ ಬಸ್ಸು ಹತ್ತುವ ಮೊದಲೇ ಕಾಲು ಸೋಲತೊಡಗಿತು. ಒಂದು ದಿನ ಬಸ್ಸು ಕೆಟ್ಟು ನಿಂತಿತು. ಇನ್ನೆರಡು ದಿನ ಅವಳು ಹಾಸಿಗೆಯಿಂದ ಏಳಲೇ ಇಲ್ಲ.

"ಪರವಾಗಿಲ್ಲ ಬಿಡೇ. ಹೊಲಿಗೆ ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರಿಸಿದ್ರಾಯ್ತು" ಎಂದ ದರ್ಜಿ. ಅವನಿಗೆ ತಿಳಿದ ಲೋಕವೆಲ್ಲ ಹೊಲಿಗೆಯೇ. ಏನು ಮಾಡುವುದು?

ಆ ಭಾನುವಾರ ಅವಳು ಕನ್ನಡಿಯ ಮುಂದೆ ನಿಂತು ಅಳುತ್ತಿದ್ದಳು. "ರೀ, ಗೆರೆ ಮಾಸಿಹೋಗಿದೆ. ಬಸ್ಸಿನಲ್ಲಿ ಬೆವರಿ ಬೆವರಿ, ಬಟ್ಟೆ ಉಜ್ಜಿ ಉಜ್ಜಿ... ಅವರು ಬೈತಾರೆ."

"ಇಷ್ಟಕ್ಕೆ ಅಳೋದಾ? ಮೂವತ್ತು ವರ್ಷದಿಂದ ಗೆರೆ ಎಳೆದೇ ಅನ್ನ ತಿಂದೋನು ನಾನು. ಬಾ ಇಲ್ಲಿ."

ಅವನು ನೀಲಿ ಪೆನ್ನು ತೆಗೆದುಕೊಂಡು, ಅಳಿದುಳಿದ ಗುರುತು ನೋಡಿ, ಒಂದು ಕಣ್ಣು ಮುಚ್ಚಿ ಗೆರೆಗಳನ್ನು ತುಂಬಿದ. ಕೈ ಒಂದಿಷ್ಟೂ ನಡುಗಲಿಲ್ಲ. ನಡುಗಿದ್ದರೆ ಒಳ್ಳೆಯದಿತ್ತು.

ಸೋಮವಾರ ಮಷೀನು ಕೋಣೆಯ ಹೆಣ್ಣುಮಗಳು ಗೆರೆ ನೋಡಿದವಳೇ ಹೊರಗೆ ಬಂದಳು.

"ಇದನ್ನ ಯಾರು ಹಾಕಿದ್ದು?"

"ನಾನೇ ತಾಯಿ. ಯಾಕೆ, ನೇರವಾಗಿಲ್ವಾ?" ಎಂದ ದರ್ಜಿ. ಹೊಗಳುತ್ತಾಳೆ ಎಂದುಕೊಂಡಿದ್ದ.

"ನೇರವಾಗಿದೆ. ಆದ್ರೆ ಒಂದು ಬೆರಳು ಕೆಳಗಿದೆ. ಬಟ್ಟೆಯಾದ್ರೆ ಬಿಚ್ಚಿ ಹೊಲೀಬಹುದು, ಇಲ್ಲಿ ಒಳಗಿರೋದು ಹೃದಯ, ಶ್ವಾಸಕೋಶ. ಗೆರೆ ಮಾಸಿದ್ರೆ ಹಾಗೇ ಬನ್ನಿ, ನಾವೇ ಹಾಕ್ತೀವಿ. ನೀವು ಕೈ ಹಚ್ಚಬಾರದಿತ್ತು. ಈಗ ಮತ್ತೆ ಮೊದಲಿಂದ ಅಳತೆ ಆಗಬೇಕು. ಗುರುವಾರದವರೆಗೂ ಕರೆಂಟ್ ಕೊಡೋಕಾಗಲ್ಲ."

ಅಲ್ಲಿಗೆ ಇನ್ನೂ ಮೂರು ದಿನ ಹೋಯಿತು. ದರ್ಜಿ ಬೆಂಚಿನ ಮೇಲೆ ಕುಳಿತು ತನ್ನ ಬೆರಳನ್ನೇ ನೋಡಿಕೊಂಡ. ಎಷ್ಟು ಅಗಲ ಒಂದು ಬೆರಳು?

ವಾಪಸ್ಸು ಬರುವಾಗ ಹೆಂಡತಿ ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದಳು. "ಸಾಕು ರೀ. ಆಗಿದ್ದಷ್ಟೇ ಆಯ್ತು. ನನ್ನ ಕೈಲಿ ಇನ್ನಾಗಲ್ಲ. ಗುರುವಾರ ಬೇಡ" ಎಂದಳು. ಜಗಳವಿಲ್ಲ, ಅಳುವಿಲ್ಲ. ಅದೇ ಅವನನ್ನು ಹೆದರಿಸಿತು.

ಆ ಬಸ್ಸಿನ ಕಂಡಕ್ಟರ್ ಒಬ್ಬ ಹೆಂಗಸು. ದಿನಾ ಇವರಿಬ್ಬರಿಗೆ ಟಿಕೆಟ್ ಹರಿದು ಕೊಡುವವಳು. ಅಂದು ಬಸ್ಸು ಖಾಲಿಯಾದ ಮೇಲೆ ಎದುರು ಸೀಟಿನಲ್ಲಿ ಬಂದು ಕುಳಿತಳು.

"ಅಣ್ಣಾ, ಕೇಳಿದೆ ಅಂತ ಬೇಜಾರು ಮಾಡ್ಕೋಬೇಡಿ. ಅಕ್ಕನ್ನ ದಿನಾ ಹೀಗೆ ಯಾಕೆ ಎಳೆದಾಡ್ತೀರಿ? ಅಲ್ಲೇ ಉಳ್ಕೊಳ್ಳಿ."

"ಲಾಡ್ಜಲ್ಲಿ ಐದು ವಾರ ಇರೋಕೆ ನಾವೇನು ಸಾಹುಕಾರರಾ ತಾಯಿ?"

"ಲಾಡ್ಜ್ ಯಾಕೆ? ಆಸ್ಪತ್ರೆ ಹಿಂದೆಯೇ ರೋಗಿಗಳ ವಸತಿಗೃಹ ಇದೆಯಲ್ಲ. ರೋಗಿ ಜೊತೆ ಒಬ್ಬರು ಇರಬಹುದು."

ದರ್ಜಿ ಮುಖ ಸಿಂಡರಿಸಿದ. "ಕಂಡವರ ಹಂಗಿನಲ್ಲಿ ಬಿದ್ಕೊಳ್ಳೋಕೆ ನಮಗೇನು ಮನೆ ಇಲ್ವಾ? ಅಂಗಡಿ ಬೇರೆ ಇದೆ. ಅಷ್ಟಕ್ಕೂ ಇದ್ದಿದ್ರೆ ಆಸ್ಪತ್ರೆಯವರು ಹೇಳ್ತಿರಲಿಲ್ವಾ?"

"ನೀವು ಕೇಳಿದ್ರಾ?"

ದರ್ಜಿ ಕೇಳಿರಲಿಲ್ಲ.

ಕಂಡಕ್ಟರ್ ಟಿಕೆಟ್ ಚೀಲವನ್ನು ತೊಡೆಯ ಮೇಲೆ ಸರಿಸಿಕೊಂಡಳು. "ನಮ್ಮಮ್ಮನ್ನೂ ಹೀಗೇ ಕರ್ಕೊಂಡು ಹೋಗ್ತಿದ್ದೆ ಅಣ್ಣಾ. ನನ್ನದೇ ಬಸ್ಸು, ಇನ್ನೇನು ಅನ್ನೋ ಧಿಮಾಕು ನನಗೆ. ಹದಿನಾಲ್ಕು ಸಲ ಆಗಿತ್ತು. ‘ಇವತ್ತೊಂದಿನ ಬೇಡ ಮಗಳೇ’ ಅಂದ್ಲು. ಪಾಪ ಅಂತ ನಾನೂ ಸುಮ್ಮನಾದೆ. ಮಾರನೇ ದಿನಾನೂ ಹಾಗೇ ಅಂದ್ಲು. ಆಮೇಲೆ ಅವಳು ಬಸ್ಸು ಹತ್ತಲೇ ಇಲ್ಲ. ಆ ವಸತಿಗೃಹ ಇರೋದು ನನಗೆ ಗೊತ್ತಾಗಿದ್ದು ಅಮ್ಮ ಹೋಗಿ ಆರು ತಿಂಗಳ ಮೇಲೆ. ಯಾರೋ ಪ್ರಯಾಣಿಕರು ಹೇಳಿದ್ರು. ನನ್ನ ಬಸ್ಸು ಅದರ ಮುಂದೆಯೇ ನಿಲ್ತಿತ್ತು, ದಿನಾ."

ಹೆಂಡತಿ ಕಣ್ಣು ತೆರೆದಳು.

"ಅಲ್ಲಿ ಮಲಗೋಕೆ ಮಂಚ ಕೊಡ್ತಾರಾ?" ಎಂದು ಮೆಲ್ಲಗೆ ಕೇಳಿದಳು.

"ಕೊಡ್ತಾರೆ ಅಕ್ಕಾ."

"ಹಾಗಿದ್ರೆ ಗುರುವಾರ ಹೋಗೋಣ ರೀ."

ಗುರುವಾರ ಅವರು ಮಷೀನು ಕೋಣೆಗೂ ಮೊದಲು ಆಸ್ಪತ್ರೆಯ ನೆರವಿನ ಕೌಂಟರಿನಲ್ಲಿ ವಿಚಾರಿಸಿದರು. ಅಲ್ಲಿದ್ದ ಮೇಡಂ ಚಿಕಿತ್ಸೆಯ ಚೀಟಿ, ಗುರುತಿನ ಚೀಟಿ ನೋಡಿ ಒಂದು ಅರ್ಜಿ ತುಂಬಿಸಿದರು. "ಊರಿಗೆ ಹೋಗಿ ಬರೋ ದಿನ ಬಸ್ಸಿನಲ್ಲಿ ರಿಯಾಯಿತಿ ಸಿಗಬಹುದು, ಅದಕ್ಕೂ ಪತ್ರ ಕೊಡ್ತೀನಿ. ಮೊದಲನೇ ದಿನಾನೇ ಯಾಕೆ ಬರಲಿಲ್ಲ ನೀವು?" ಎಂದರು. ದರ್ಜಿ ಅರ್ಜಿಗೆ ಸಹಿ ಹಾಕಿದ.

ಅಂದು ಹೊಸ ಅಳತೆಯಂತೆ ಕರೆಂಟ್ ಕೊಟ್ಟರು, ಆದರೆ ವಸತಿಗೃಹದಲ್ಲಿ ಜಾಗ ಖಾಲಿ ಇರಲಿಲ್ಲ. ಶುಕ್ರವಾರ ಮತ್ತೆ ಬಸ್ಸೇ ಗತಿಯಾಯಿತು. ಸೋಮವಾರ ಒಂದು ಕೋಣೆ ಸಿಕ್ಕಿತು. ಎರಡು ಕಬ್ಬಿಣದ ಮಂಚ, ಗೋಡೆಗೆ ಒಂದು ಮೊಳೆ, ಪಡಸಾಲೆಯ ಕೊನೆಯಲ್ಲಿ ಹತ್ತು ಮನೆಯವರಿಗೆ ಸೇರಿ ಒಂದು ಒಲೆ. ಪಕ್ಕದ ಕೋಣೆಯಿಂದ ದಿನವಿಡೀ ಕೆಮ್ಮು ಕೇಳುತ್ತಿತ್ತು. ಸುಖದ ಜಾಗವಲ್ಲ. ಆದರೆ ಮಷೀನು ಕೋಣೆಗೆ ಅಲ್ಲಿಂದ ಇನ್ನೂರು ಹೆಜ್ಜೆ. ಅವಳು ಹೋಗಿ, ಹತ್ತು ನಿಮಿಷದಲ್ಲಿ ಮುಗಿಸಿ, ಬಂದು ಮಲಗಿಬಿಡುತ್ತಿದ್ದಳು. ದರ್ಜಿ ಇನ್ನೊಂದು ಮಂಚದ ಮೇಲೆ ಕುಳಿತು, ಅಂಗಡಿಯಿಂದ ತಂದ ಅಂಗಿಗಳಿಗೆ ಅವಳ ಪಾಲಿನ ಕಾಜಾ ಹೊಲಿಯುತ್ತಿದ್ದ. ಗೆರೆ ಮಾಸಿದಾಗ ಕೈ ಕಟ್ಟಿಕೊಂಡು ದೂರ ನಿಲ್ಲುತ್ತಿದ್ದ. ಮುಂದೆ ಒಂದು ದಿನವೂ ತಪ್ಪಲಿಲ್ಲ.

ಇಪ್ಪತ್ತೈದೂ ಮುಗಿದ ದಿನ ಅವನು ಡಾಕ್ಟರನ್ನು ಕೇಳಿದ: "ನಡುವೆ ಆರು ದಿನ ತಪ್ಪಿತಲ್ಲ ಸಾರ್. ಅದರಿಂದ ಏನಾದ್ರೂ...?"

"ಈಗಲೇ ಹೇಳೋಕಾಗಲ್ಲ. ಪೂರ್ತಿ ಮುಗಿಸಿದ್ರಲ್ಲ, ಅದು ದೊಡ್ಡದು. ಮೂರು ತಿಂಗಳಿಗೊಮ್ಮೆ ತೋರಿಸ್ತಾ ಇರಿ."

ಈಗ ಅವನು ಗಿರಾಕಿಗಳಿಗೆ ಟೇಪು ಹಿಡಿದು ಎರಡೆರಡು ಸಲ ಅಳೆಯುತ್ತಾನೆ. ಬೀದಿಯವರು ನಗುತ್ತಾರೆ. ಕಣ್ಣಳತೆಯನ್ನು ಅವನು ಬಿಟ್ಟಿಲ್ಲ, ಹೆಂಡತಿಯೊಬ್ಬಳಿಗೆ ಉಳಿಸಿಕೊಂಡಿದ್ದಾನೆ. ಅವಳು ಕಾಜಾ ಹೊಲಿಯುತ್ತ ಕುಳಿತಾಗ ಕತ್ತರಿ ನಿಲ್ಲಿಸಿ ನೋಡುತ್ತಾನೆ: ನಿನ್ನೆಗಿಂತ ಸೊರಗಿದ್ದಾಳಾ? ರವಿಕೆ ಸಡಿಲವಾಗಿದೆಯಾ? "ಏನ್ರೀ ಹಾಗೆ ನೋಡ್ತೀರಿ?" ಎಂದರೆ, "ಏನಿಲ್ಲ" ಎಂದು ತಲೆ ತಗ್ಗಿಸುತ್ತಾನೆ.

ಇದನ್ನು ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯವರಿಗೆ ದೂರದ ಆಸ್ಪತ್ರೆಯಲ್ಲಿ ಚಿಕಿತ್ಸೆ ಎಂದರೆ ಮೊದಲ ದಿನವೇ ಬಾಯಿ ಬಿಟ್ಟು ಕೇಳಿ. ಎಷ್ಟು ದಿನ ಬರಬೇಕು, ಉಳಿಯಲು ಜಾಗವಿದೆಯಾ, ಪ್ರಯಾಣಕ್ಕೆ ನೆರವಿದೆಯಾ, ಒಂದು ದಿನ ತಪ್ಪಿದರೆ ಯಾರಿಗೆ ತಿಳಿಸಬೇಕು ಎಂದು ಕೇಳಿ. ಎಲ್ಲ ಕಡೆಯೂ ಎಲ್ಲ ಸಿಗಲಿಕ್ಕಿಲ್ಲ. ಇಲ್ಲ ಎಂದರೂ ಇನ್ನೊಬ್ಬರನ್ನು ಕೇಳಿ. ಮೈಮೇಲಿನ ಗುರುತಿಗೆ ನೀವು ಕೈ ಹಚ್ಚಬೇಡಿ. ದಾರಿಗೆ ಸೋತು ಚಿಕಿತ್ಸೆ ಅರ್ಧಕ್ಕೆ ಬಿಡಬೇಡಿ. ಕೇಳಲು ನಾಚಿಕೆಯಾದರೆ ಆ ಕಂಡಕ್ಟರನ್ನು ನೆನೆಯಿರಿ. ಅವಳ ಬಸ್ಸು ಇವತ್ತೂ ಆ ವಸತಿಗೃಹದ ಮುಂದೆಯೇ ನಿಲ್ಲುತ್ತದೆ, ಮತ್ತು ಅವಳು ಇವತ್ತೂ ಆ ಕಡೆ ತಿರುಗಿ ನೋಡುವುದಿಲ್ಲ.