ಸೋಮವಾರದ ಮನೆ

ಹಾಸನದಲ್ಲಿ ಕಾಲೇಜು ಸೇರಬೇಕಾದರೆ ಬಡ ಹುಡುಗನಿಗೆ ಫೀಜಿಗಿಂತ ಮೊದಲು ಏಳು ಮನೆ ಬೇಕಿತ್ತು. ವಾರಾನ್ನವೆಂದರೆ ಅದೇ, ದಿನಕ್ಕೊಂದು ಮನೆಯ ಊಟ. ೧೯೪೮ರಲ್ಲಿ ಕಟ್ಟಾಯದಿಂದ ಬಂದ ನನಗೆ ಆರು ಮನೆ ಸಿಕ್ಕವು. ಸೋಮವಾರಕ್ಕೆ ಮಾತ್ರ ಸಿಗಲಿಲ್ಲ. ನಮ್ಮ ಶೈವರ ಮನೆಗಳಲ್ಲಿ ಅಂದು ಉಪವಾಸ. ಎಲ್ಲಿ ಕೇಳಿದರೂ ಶಿವನೇ ಅಡ್ಡ ಬರುತ್ತಿದ್ದ.

ನನಗೋ ಮೂಗಿನ ತುದಿಯಲ್ಲೇ ಕೋಪ. ಒಂದು ದಿನದ ಅನ್ನಕ್ಕೆ ಊರೆಲ್ಲ ಹಲ್ಲು ಗಿಂಜುವುದೇ? "ಸೋಮವಾರ ನಾನೂ ಉಪವಾಸ" ಎಂದು ಆರೂ ಮನೆಗಳಲ್ಲಿ ಸಾರಿಬಿಟ್ಟೆ. "ಏನ್ ಭಕ್ತಿನಪ್ಪಾ!" ಎಂದು ಎಲ್ಲರೂ ಮೆಚ್ಚಿದರು. ಜಂಬವೇನೋ ಬಂತು, ಹೊಟ್ಟೆ ತುಂಬಲಿಲ್ಲ.

ಮೂರನೆಯ ಸೋಮವಾರ ಅರ್ಥಶಾಸ್ತ್ರದ ಮೇಷ್ಟರು ವಿಲಾಯಿತಿಯ ಕಾಲೇಜುಗಳ ಕಥೆ ಹೇಳುತ್ತಿದ್ದರು. ಅಲ್ಲಿ ಓದುವವರಿಗೆ ಸರ್ಕಾರವೇ ಹಣ ಕೊಡುತ್ತದಂತೆ, ಸಾಹುಕಾರರು ಸಾಯುವಾಗ ಆಸ್ತಿಯನ್ನೇ ಕಾಲೇಜಿಗೆ ಬರೆದಿಡುತ್ತಾರಂತೆ. ಕೇಳುತ್ತ ಕೇಳುತ್ತ ಕಣ್ಣು ಕತ್ತಲೆ ಬಂದು ಬೆಂಚಿನಿಂದ ಬಿದ್ದೆ.

ಜವಾನ ಹುಚ್ಚಯ್ಯ ನನ್ನನ್ನು ಹತ್ತಿರದ ಬಸವಲಿಂಗಮ್ಮನವರ ಮನೆಗೆ ಕರೆದೊಯ್ದ. ಒಂಟಿ ವಿಧವೆ, ನನ್ನ ಮಂಗಳವಾರದ ಮನೆ ಅವರದೇ.

"ಉಪಾಸ ಇದ್ನಂತೆ ಕಣವ್ವಾ, ಬಿದ್ಬುಟ್ಟ," ಎಂದು ಹೇಳಿ ಅವನು ಹೋದ.

ಅವರು ನನ್ನ ಮುಖವನ್ನೇ ನೋಡಿದರು. "ದಿಟ ಏಳ್ಲಾ, ಉಪಾಸವಾ, ಇಲ್ಲಾ ಊಟ ಸಿಕ್ದೆ ಓಯ್ತಾ?"

ಸುಳ್ಳು ಬಾಯಿಗೆ ಬರಲಿಲ್ಲ. "ಸೋಮವಾರಕ್ಕೆ ಮನೆ ಸಿಗಲಿಲ್ಲ ಕಣವ್ವಾ," ಎಂದೆ.

ಅವರು ಎದ್ದು ಒಲೆ ಹಚ್ಚಿದರು. ಗಂಡ ತೀರಿಕೊಂಡ ಮೇಲೆ ಮೂವತ್ತು ವರ್ಷ ಸೋಮವಾರ ಆ ಒಲೆ ಉರಿದಿರಲಿಲ್ಲ. ನಾನು ಗಾಬರಿಯಿಂದ, "ಬ್ಯಾಡ ಕಣವ್ವಾ, ನಿಮ್ಮ ವ್ರತ ಕೆಡ್ತದೆ," ಎಂದೆ.

"ನನ್ ವ್ರತ ನನ್ ಒಟ್ಟೆಗೆ ಕಣ್ಲಾ, ನಿನ್ ಒಟ್ಟೆಗಲ್ಲ. ಉಣ್ಣು."

ಮುದ್ದೆ ಮುರಿಯುವಾಗ ನನಗೆ ಹೊಳೆಯಿತು. ಅದು ರೇಷನ್ ಕಾಲ. ಒಂಟಿ ಹೆಂಗಸಿಗೆ ಸಿಗುವುದು ಒಬ್ಬರ ರಾಗಿ. "ಮಂಗಳವಾರ ನನಗೂ ಎಂಗೆ ಸಾಲ್ತದವ್ವಾ?"

"ಸೋಮವಾರ ನಾನು ಉಣ್ಣಾಕಿಲ್ವಲ್ಲ. ಆ ರಾಗಿ ಮಂಗಳವಾರ ನಿಂಗೆ."

ಭಕ್ತನೆಂದು ಮೆರೆಯುತ್ತ ನಾನು ಉಂಡದ್ದು ಇವರ ಉಪವಾಸವನ್ನು!

"ಹಂಗಾರೆ ಇವತ್ತಿನ ರಾಗಿ?"

ಅವರು ಇನ್ನೊಂದು ಸೌಟು ಸಾರು ಬಿಟ್ಟರು. "ಗುರುವಾರಾನೂ ಉಪಾಸ ಇಡೀತೀನಿ, ಬುಡು. ಶಿವ ಏನ್ ಬ್ಯಾಡ ಅಂತಾನಾ?"

ಅಷ್ಟು ದೊಡ್ಡವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ತಟ್ಟೆಯಲ್ಲಿ ಒಂದು ಚೂರನ್ನೂ ಬಿಡಲಿಲ್ಲ. ಅದು ಅವರ ಗುರುವಾರದ ಊಟ.