ಕುಜನ ಮನೆಯಲ್ಲಿ ಎಂಟು ವರ್ಷ

ನಮ್ಮ ನೌಕೆ ಮಂಗಳ ಗ್ರಹಕ್ಕೆ ಹೊರಟ ವರ್ಷ ನಜರ್‌ಬಾದಿನ ಕೃಷ್ಣಪ್ಪನವರು ಟೀ ಅಂಗಡಿ ಮುಂದೆ ನಿಂತು, "ಆ ದುಡ್ಡಲ್ಲಿ ನಮ್ಮ ಬೀದಿ ಚರಂಡಿ ಮಾಡಿಸಬಹುದಿತ್ತು ಕಣ್ರೀ" ಎಂದು ಘೋಷಿಸಿದ್ದರು. ಆಮೇಲೆ ನೌಕೆ ಮಂಗಳ ಮುಟ್ಟಿತು. ಚರಂಡಿ ಹಾಗೇ ಉಳಿಯಿತು, ಕೃಷ್ಣಪ್ಪನವರ ಅಭಿಪ್ರಾಯವೂ. ಅದು ಬದಲಾದದ್ದು ಕಳೆದ ಭಾನುವಾರ, ಮಗಳು ದಿವ್ಯಳ ಜಾತಕ ಬಿಚ್ಚಿದಾಗ.

ದಿವ್ಯ ಮತ್ತು ಬೋಗಾದಿಯ ಸಂಜಯ್ ಹೆಬ್ಬಾಳದ ಕಂಪನಿ ಬಸ್ಸಿನಲ್ಲಿ ಅಕ್ಕಪಕ್ಕ ಕೂತು ನಿಶ್ಚಯಿಸಿಕೊಂಡ ಮದುವೆ ಅದು. ಹಿರಿಯರಿಗೆ ಉಳಿದಿದ್ದದ್ದು ಒಪ್ಪುವ ಕೆಲಸ ಮಾತ್ರ. ಸಂಜಯನ ತಾಯಿ ಸರೋಜಮ್ಮ ಮಗನೊಂದಿಗೆ ಒಪ್ಪಲೆಂದೇ ಬಂದಿದ್ದರು. ಜೊತೆಗೆ ಜೋಯಿಸರನ್ನೂ ಕರೆತಂದಿದ್ದರು.

"ಏಳನೇ ಮನೇಲಿ ಕುಜ," ಎಂದರು ಜೋಯಿಸರು, ನಿಪ್ಪಟ್ಟು ಮುರಿಯುತ್ತ. "ಗಂಡನ ಆಯುಸ್ಸಿಗೆ ಪೆಟ್ಟು."

ಸರೋಜಮ್ಮ ಕಾಫಿ ಲೋಟ ಕೆಳಗಿಟ್ಟರು. "ಇರೋನೊಬ್ಬ ಮಗ. ಈ ಸಂಬಂಧ ಬುಟ್ಬುಡಿ ಕೃಷ್ಣಪ್ನೋರೆ."

ಮಗಳ ಕಣ್ಣು ತುಂಬಿದ್ದನ್ನು ಕಂಡ ಕೃಷ್ಣಪ್ಪನವರ ಬಾಯಿಂದ, ಅವರ ಅಪ್ಪಣೆಗೂ ಕಾಯದೆ, ಮಾತು ಹೊರಬಿತ್ತು. "ಅಲ್ಲಾ ಜೋಯಿಸ್ರೆ, ಕುಜ ಅಂದ್ರೆ ಮಂಗಳಾನೇ ತಾನೆ? ನಮ್ಮ ನೌಕೆ ವರ್ಷಗಟ್ಲೆ ಅವನ ಸುತ್ತ ಪ್ರದಕ್ಷಿಣೆ ಹಾಕ್ತಲ್ಲ! ಅಷ್ಟು ಪ್ರದಕ್ಷಿಣೆಗೂ ಕರಗದೇ ಇರೋ ಕೋಪ ಎಂಥದ್ದು ಅವನದು?"

ಜೋಯಿಸರು ನಿಪ್ಪಟ್ಟನ್ನು ತಟ್ಟೆಗೆ ಹಿಂದಿರುಗಿಸಿದರು. ಹೆಣ್ಣಿನ ಕಡೆಯವರು ಖುದ್ದು ಗ್ರಹದ ಬಳಿಗೇ ಹೋದ ಪ್ರಸಂಗ ಅವರ ವೃತ್ತಿಜೀವನದಲ್ಲಿ ಬಂದಿರಲಿಲ್ಲ.

ಸರೋಜಮ್ಮ ಸೋಲುವವರಲ್ಲ. "ಹೋಯ್ತು, ಸರಿ. ಆಮೇಲೆ? ಸುದ್ದಿನೇ ಇಲ್ದಂಗೆ ಅಲ್ಲೇ ಸತ್ತೋಯ್ತು ಅಂತ ಪೇಪರ್‌ನಲ್ಲಿ ನಾನೇ ಓದಿವ್ನಿ. ಕುಜನ ಸಾವಾಸ ಮಾಡಿದೋರು ಉಳಿಯಲ್ಲ ಅನ್ನಕ್ಕೆ ಇನ್ನೇನು ಸಾಕ್ಷಿ ಬೇಕು?"

ಕೃಷ್ಣಪ್ಪನವರು ಪೆಚ್ಚಾದರು. ರಾಕೆಟ್ಟನ್ನು ನಂಬಿದ್ದೇ ತಪ್ಪಾಯಿತು ಅನ್ನಿಸಿತು. ಆಗ ದಿವ್ಯ ಮೂಗೊರೆಸಿಕೊಂಡು ಎದ್ದಳು.

"ಅತ್ತೆ," ಎಂದಳು, ಇನ್ನೂ ಸಿಗದ ಅಧಿಕಾರದಿಂದ. "ಅದನ್ನ ಕಳಿಸಿದೋರೇ ಆರು ತಿಂಗಳು ಇರುತ್ತೆ ಅಂದಿದ್ರು. ಕುಜನ ಜೊತೆ ಸೇರಿದ್ಮೇಲೆ ಎಂಟು ವರ್ಷ ಬಾಳ್ತು."

ಜೋಯಿಸರು ಬೆರಳ ಗೆಣ್ಣು ಎಣಿಸಿದರು. "ಹದಿನಾರು ಪಟ್ಟು! ಇದು ದೋಷ ಅಲ್ಲಮ್ಮ, ಯೋಗ! ಹುಡುಗನ ಜಾತಕದಲ್ಲಿ ಎಪ್ಪತ್ತು ವರ್ಷ ಆಯುಸ್ಸಿದೆ. ಹದಿನಾರರಿಂದ ಗುಣಿಸಿದ್ರೆ..."

"ಸಾವಿರದ ನೂರಿಪ್ಪತ್ತು," ಎಂದ ಸಂಜಯ್. ಅವನು ಆ ದಿನ ಬಾಯಿಬಿಟ್ಟದ್ದು ಅದೇ ಮೊದಲು.

ಸರೋಜಮ್ಮ ಸೆರಗಿನಿಂದ ಆನಂದಬಾಷ್ಪ ಒರೆಸಿಕೊಂಡರು. ಮುಗಿಯಿತು ಎನ್ನುವಷ್ಟರಲ್ಲಿ ಕೃಷ್ಣಪ್ಪನವರ ಹೆಂಡತಿ ಚಾಮುಂಡೇಶ್ವರಿ ಅಡುಗೆಮನೆಯಿಂದ ಬಂದು ಬಾಗಿಲಲ್ಲೇ ನಿಂತರು.

"ಒಸಿ ತಡೀರಿ. ನನ್ನ ಮಗಳು ಎಷ್ಟಂದ್ರೂ ತೊಂಬತ್ತು ವರ್ಷ ಇದ್ದಾಳು. ಮಿಕ್ಕ ಸಾವಿರ ವರ್ಷ ನಿಮ್ಮ ಹುಡುಗ ಸುಮ್ನೆ ಕೂತಿರ್ತಾನಾ?"

ಎಲ್ಲರೂ ಸಂಜಯನತ್ತ ತಿರುಗಿದರು. "ನಾನು ಇನ್ನೊಂದು ಮದುವೆ ಆಗಲ್ಲ ಆಂಟಿ," ಎಂದ ಅವನು, ಬೆವರುತ್ತ.

"ಮೊದಲ ನೂರು ವರ್ಷ ಎಲ್ಲಾ ಗಂಡಸ್ರೂ ಇಂಗೇ ಅನ್ನೋದು."

ಸರೋಜಮ್ಮನಿಗೂ ಹೊಸ ಚಿಂತೆ ಹತ್ತಿತು. "ಅದೂ ಸರಿ ಕಣಮ್ಮ. ಸೊಸೆ ಹೋದ್ಮೇಲೆ ಅಷ್ಟು ವರ್ಷ ನನ್ನ ಮಗನಿಗೆ ಮುದ್ದೆ ಮಾಡಿ ಹಾಕೋರು ಯಾರು?"

ಕೈಗೆ ಬಂದ ಮದುವೆ, ವರನ ಆಯುಸ್ಸು ಹೆಚ್ಚಾಯಿತೆಂದು ಮತ್ತೆ ಜಾರತೊಡಗಿತ್ತು. ದಿವ್ಯ ಜೋಯಿಸರನ್ನು ದುರುಗುಟ್ಟಿ ನೋಡಿದಳು. "ನೀವೇ ಏರಿಸಿದ್ದು. ನೀವೇ ಇಳಿಸಿ."

ಜೋಯಿಸರು ಗಂಟಲು ಸರಿಮಾಡಿಕೊಂಡರು. "ಕುಜಶಾಂತಿ ಮಾಡಿಸಿದ್ರೆ ಒಂದೂಕಾಲು ಪಟ್ಟಿಗೆ ನಿಲ್ಲುತ್ತೆ."

"ಎಂಬತ್ತೇಳೂವರೆ," ಎಂದ ಸಂಜಯ್, ಆತುರದಿಂದ.

ಎರಡೂ ಕಡೆಯವರಿಗೆ ಅದು ಮರ್ಯಾದಸ್ಥರ ಆಯುಸ್ಸೆನ್ನಿಸಿತು. ಮಗ ಬೇಗ ಸತ್ತಾನೆಂದು ಹೆದರಿ ಬಂದ ತಾಯಿ, ಅವನ ಆಯುಸ್ಸು ಇಳಿಸುವ ಪೂಜೆಯನ್ನು ತಮ್ಮ ಖರ್ಚಲ್ಲೇ ಮಾಡಿಸುವುದಾಗಿ ಹೇಳಿ, ತಾಂಬೂಲ ತೆಗೆದುಕೊಂಡು ಹೊರಟರು.

ಸಂಜೆ ಟೀ ಅಂಗಡಿಯಲ್ಲಿ ಯಾರೋ, ಈ ರಾಕೆಟ್ಟುಗಳಿಂದ ಬಡಪಾಯಿಗಳಿಗೇನು ಬಂತು ಎಂದು ಗೊಣಗಿದರು. ಕೃಷ್ಣಪ್ಪನವರಿಗೆ ರೇಗಿಹೋಯಿತು.

"ಸಮಾಜಕ್ಕೆ ಅದ್ರಿಂದ ಆಗೋ ಉಪಕಾರ ನಿಮಗೇನ್ರೀ ಗೊತ್ತು? ಇಷ್ಟಕ್ಕೇ ನಿಲ್ಲಿಸಬಾರದು. ಶನಿಗೂ ಬೇಗ ಒಂದು ಕಳಿಸ್ಬೇಕು. ನಂಗೆ ಸಾಡೇಸಾತಿ ನಡೀತೈತೆ."

ಎಂದವರೇ ಪಂಚೆ ಎತ್ತಿ ಹಿಡಿದು, ತುಂಬಿ ಹರಿಯುತ್ತಿದ್ದ ಚರಂಡಿಯನ್ನು ಹುಷಾರಾಗಿ ದಾಟಿ ಮನೆಗೆ ನಡೆದರು.